ಅಮ್ಮನ ಹಲ್ಲು, ಆಟದ ಹುಡುಗಿ

ದವಡೆ ಎನ್ನುವುದು ಅವನ ಅಡ್ಡಹೆಸರು. ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿರುವವನಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ ಎಂದು ಜೊತೆಯವರು ತೀರ್ಮಾನಿಸಿದ್ದರು, ಅವನಿಗೂ ತಕರಾರಿರಲಿಲ್ಲ. ಮೂವತ್ತರ ಹತ್ತಿರದ ವಯಸ್ಸು. ಮದುವೆಯಾಗಿಲ್ಲ. ಸಂಬಳ ಬರುತ್ತದೆ, ಬಂದ ಹಾಗೆಯೇ ಹೋಗುತ್ತದೆ. ತಲೆಗೂದಲಲ್ಲಿ ಸದಾ ಪ್ಲಾಸ್ಟರ್ ಪುಡಿ ಕೂತಿರುವುದರಿಂದ ಬಸ್ಸಿನಲ್ಲಿ ಕಾಲೇಜು ಹುಡುಗರು ಎದ್ದು ಸೀಟು ಬಿಟ್ಟುಕೊಡುತ್ತಾರೆ. ಮೊದಲೆರಡು ಸಲ ಬೇಜಾರಾಯಿತು, ಆಮೇಲೆ ಕೂತ.

ಲ್ಯಾಬು ಟೈರಂಗಡಿಯ ಮೇಲಿನ ಮಹಡಿಯಲ್ಲಿದೆ. ಒಬ್ಬೊಬ್ಬರಿಗೂ ಒಂದು ಮೇಜು, ಬಗ್ಗಿಸುವ ದೀಪ, ಉಜ್ಜುವ ಪುಟ್ಟ ಮೋಟಾರು, ಮೇಣ ಕರಗಿಸುವ ಬರ್ನರು. ಡಾಕ್ಟರುಗಳು ತೆಗೆದ ಬಾಯಿಯ ಅಚ್ಚು ಡಬ್ಬಿಯಲ್ಲಿ ಬರುತ್ತದೆ, ಮೇಲೊಂದು ನಂಬರು ಅಂಟಿಸಿರುತ್ತದೆ. ದವಡೆ ಅದಕ್ಕೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಹಲ್ಲು ಜೋಡಿಸಿ, ಆಮೇಲೆ ಮೇಣದ ಜಾಗಕ್ಕೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ತುಂಬಿ ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಅದೇ ಡಬ್ಬಿಯಲ್ಲಿ ವಾಪಸ್ಸು ಕಳಿಸುತ್ತಾನೆ. ಅಲ್ಲಿಗೆ ಮುಗಿಯಿತು. ಆ ಹಲ್ಲನ್ನು ಹಾಕಿಕೊಂಡವರು ಗಂಡಸೋ ಹೆಂಗಸೋ, ಅದರಲ್ಲಿ ನಕ್ಕರೋ ಇಲ್ಲ ಯಾರನ್ನಾದರೂ ಬೈದರೋ, ಅವನಿಗೆ ತಿಳಿಯುವುದಿಲ್ಲ. ಸರಿಯಿಲ್ಲದಿದ್ದರೆ ಡಬ್ಬಿ ತಿರುಗಿ ಬರುತ್ತದೆ. ಸರಿಯಿದ್ದರೆ ಏನೂ ಬರುವುದಿಲ್ಲ. ಲ್ಯಾಬಿನ ಹಿರಿಯ ಕೆಲಸಗಾರರೊಬ್ಬರಿದ್ದರು, ಎಲ್ಲರನ್ನೂ ತಿದ್ದುವ ಚಾಳಿಯಿಂದ ಮೇಷ್ಟ್ರು ಎನಿಸಿಕೊಂಡವರು. ಹೀಗೆ ಏನೂ ಬಾರದಿರುವುದೇ ನಮ್ಮ ಕಸುಬಿನ ಬಹುಮಾನ ಎಂದು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು. ಹೊಸಬರು ತಲೆಯಾಡಿಸಿ, ಸ್ವಲ್ಪ ದಿನದಲ್ಲಿ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದರು.

ದವಡೆ ಟಿವಿಗೆ ಹಚ್ಚಿ ಆಡುವ ಒಂದು ಜಪಾನಿ ವಿಡಿಯೋ ಆಟಕ್ಕೆ ಬಿದ್ದದ್ದು ಈ ಕಾರಣಕ್ಕೇ ಇರಬೇಕು. ಗೆಳೆಯರ ಮುಂದೆ ತಾನು ಆಡುವುದು ಯುದ್ಧದ ಆಟ, ಟ್ಯಾಂಕು, ಬಾಂಬು ಎಂದೆಲ್ಲ ಬಿಟ್ಟಿದ್ದ. ನಿಜಕ್ಕೆ ಅದರಲ್ಲಿದ್ದದ್ದು ನಿರಿಗೆಯ ಲಂಗ ತೊಟ್ಟ, ಮುಖದಲ್ಲಿ ಅರ್ಧ ಭಾಗ ಕಣ್ಣೇ ಇರುವ ಒಬ್ಬ ಹುಡುಗಿ. ಸೋದರಮಾವ ಬಿಟ್ಟುಹೋದ ರಿಪೇರಿ ಅಂಗಡಿಯನ್ನು ಮತ್ತೆ ತೆರೆದು ಕೂತಿದ್ದಾಳೆ. ಬೆಳಿಗ್ಗೆ ಬುಟ್ಟಿ ಹಿಡಿದು ಗುಡ್ಡಕ್ಕೆ ಹೋಗಿ ಸೊಪ್ಪು, ಜೇನುಮೇಣ, ಹೊಳೆಯುವ ಕಲ್ಲು ಆರಿಸಿಕೊಂಡು ಬರುತ್ತಾಳೆ. ದಿಂಬಿನಂಥ ಪ್ರಾಣಿಗಳು ದಾರಿಗೆ ಅಡ್ಡ ಬಂದರೆ ಒಂದೆರಡು ಏಟು ಕೊಡುತ್ತಾಳೆ. ಅವು ನೋವೇ ಆಗದ ಹಾಗೆ ಪುಸಕ್ಕನೆ ಮಾಯವಾಗುತ್ತವೆ. ತಂದದ್ದನ್ನು ಕುಲುಮೆಗೆ ಹಾಕಿದರೆ ದೀಪ, ಛತ್ರಿ, ಗಂಟೆ, ಬಾಣಲೆ. ಲೋಕ ಉಳಿಸುವ ಹೊಣೆ ಯಾರ ತಲೆಯ ಮೇಲೂ ಇಲ್ಲ. ಇಡೀ ಊರಿಗೆ ಬಂದೊದಗಿದ ದೊಡ್ಡ ಆಪತ್ತೆಂದರೆ ಬ್ರೆಡ್ಡಿನವನ ಒಲೆಯ ಬಾಗಿಲು ಮುಚ್ಚುತ್ತಿಲ್ಲ.

ಹುಡುಗಿ ಆ ಬಾಗಿಲು ಮಾಡಿಕೊಟ್ಟಾಗ ಬ್ರೆಡ್ಡಿನವನು ಟೋಪಿ ತೆಗೆದು ಕುಣಿದ. ಮುಂದೆ ಆ ಬೀದಿಯಲ್ಲಿ ಹಾದರೆ ಅದೇ ಬಾಗಿಲು ಅದೇ ಒಲೆಗೆ ಕೂತಿತ್ತು, ಕೊಳವೆಯಲ್ಲಿ ಹೊಗೆ ಬರುತ್ತಿತ್ತು. ದವಡೆ ಕಂಟ್ರೋಲರ್ ಕೆಳಗಿಟ್ಟು ಸುಮ್ಮನೆ ನೋಡಿದ. ತಾನು ಮಾಡಿದ ಸಾವಿರಾರು ಹಲ್ಲಿನಲ್ಲಿ ಒಂದನ್ನೂ ಒಬ್ಬರ ಬಾಯಲ್ಲಿ ಕಂಡಿರದ ಗಂಡಸು, ಬೊಂಬೆ ಊರಿನ ಕಬ್ಬಿಣದ ಬಾಗಿಲು ನೋಡಲು ಹುಡುಗಿಯನ್ನು ಅದೇ ಬೀದಿಯಲ್ಲಿ ಇನ್ನೂ ಮೂರು ಸಲ ಓಡಾಡಿಸಿದ. ಇದನ್ನೂ ಗೆಳೆಯರಿಗೆ ಹೇಳಲಿಲ್ಲ.

ಹಾಗಿರುವಾಗ ಅವನ ಮೇಜಿಗೆ ಅಮ್ಮನ ಬಾಯಿಯೇ ಬಂತು.

ಅಮ್ಮ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ರಿಟೈರಾದವಳು. ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ಇಳಿಯಬೇಕು. ಕೇಳಿದ್ದಕ್ಕೆ ಒಂದು ಉತ್ತರ, ಕೇಳದ್ದಕ್ಕೆ ಎರಡು. ರಿಟೈರಾದ ಮೇಲೆ ಆ ಬಾಯಿಗೆ ಮನೆ ಸಾಲದೆ, ದಿನಾ ಸಂಜೆ ಫೋನಿನಲ್ಲಿ ತಂಗಿಯ ಜೊತೆ ಕೂತುಬಿಡುತ್ತಿದ್ದಳು. ಆಮೇಲೆ ಒಸಡಿಗೆ ರೋಗ ಹತ್ತಿ ಉಳಿದಿದ್ದ ಹಲ್ಲನ್ನೆಲ್ಲ ಕೀಳಿಸಬೇಕಾಯಿತು. ಅಲ್ಲಿಗೆ ಮಾತೂ ನಿಂತಿತು. ಬೋಳು ಬಾಯಲ್ಲಿ ಮಾತು ಜಾರುತ್ತದೆ ಎಂದು ನಾಚಿಕೆ. ಚಿಕ್ಕಮ್ಮನ ಫೋನ್ ಬಂದರೆ ದವಡೆಯ ಕೈಗೆ ಕೊಟ್ಟು, ಮಲಗಿದಾಳೆ ಅನ್ನು ಎಂದು ಸನ್ನೆ ಮಾಡುತ್ತಿದ್ದಳು. ಎರಡು ಕಣ್ಣನ್ನೂ ಪೂರ್ತಿ ತೆರೆದುಕೊಂಡೇ.

ಗಾಯ ಮಾಯ್ದ ಮೇಲೆ ಡಾಕ್ಟರು ಅಳತೆ ತೆಗೆದು ಡಬ್ಬಿ ಕಳಿಸಿದರು. ಮನೆಯವರ ಕೆಲಸ ಮನೆಯವನು ಮಾಡಬಾರದು, ಬೇರೆಯವರಿಗೆ ಕೊಡು ಎಂದು ಮೇಷ್ಟ್ರು ಎಚ್ಚರಿಸಿದರು. ದವಡೆ ಕೇಳಲಿಲ್ಲ. ಅಮ್ಮನ ಹಳೇ ಫೋಟೋ ಇಟ್ಟುಕೊಂಡು ಹಲ್ಲಿನ ಬಣ್ಣ ಆರಿಸಿದ. ಮುಂದಿನೆರಡು ಹಲ್ಲಿನ ನಡುವೆ ಮೊದಲಿದ್ದಷ್ಟೇ ಸಂದು ಬಿಟ್ಟ. ಒಸಡಿನಲ್ಲಿ ಕೂದಲೆಳೆಯಂಥ ಕೆಂಪು ಗೆರೆಗಳನ್ನೂ ಮೂಡಿಸಿದ. ಮುಗಿದಾಗ ಲ್ಯಾಬಿನವರೆಲ್ಲ ಸುತ್ತ ನಿಂತು ನೋಡಿದರು. ಮೇಷ್ಟ್ರು ಭೂತಗನ್ನಡಿ ಹಿಡಿದು ಹುಡುಕಿ, ತಿದ್ದುವುದಕ್ಕೆ ಏನೂ ಸಿಗದೆ, ಸ್ವಲ್ಪ ಅಸಮಾಧಾನದಿಂದಲೇ ವಾಪಸ್ಸು ಕೊಟ್ಟರು. ಆಟದಲ್ಲಾಗಿದ್ದರೆ ನೂರಕ್ಕೆ ನೂರು ಗುಣಮಟ್ಟ ಎಂದು ತೋರಿಸಿ ನಕ್ಷತ್ರ ಉದುರಿಸುತ್ತಿತ್ತು.

ಅಮ್ಮ ಹಾಕಿಕೊಂಡು, ಕನ್ನಡಿ ನೋಡಿ, ಚೆನ್ನಾಗಿದೆ ಎಂದಳು. ಮಾರನೆಯ ದಿನದಿಂದ ಹಲ್ಲು ಲೋಟದ ನೀರಿನಲ್ಲಿತ್ತು.

ಚುಚ್ಚುತ್ತಾ ಎಂದರೆ ಇಲ್ಲ. ಸಡಿಲವಾ ಎಂದರೆ ಇಲ್ಲ. ಮತ್ತೆ ಯಾಕೆ ಹಾಕಲ್ಲ ಎಂದರೆ, ಅಭ್ಯಾಸ ಆಗುತ್ತೆ, ನೀನು ತಲೆ ಕೆಡಿಸಿಕೊಳ್ಳಬೇಡ. ಅವನು ಬಾಗಿಲು ತೆಗೆದ ಸದ್ದಿಗೆ ಹಾಕಿಕೊಳ್ಳುವಳು, ಅವನು ಸ್ನಾನಕ್ಕೆ ಹೋದರೆ ತೆಗೆದಿಡುವಳು. ಹಾಕಿಕೊಂಡಾಗಲೂ ತುಟಿ ಬಿಗಿದು, ಸ್ಟುಡಿಯೋದಲ್ಲಿ ಫೋಟೋಗೆ ಕೂತವರ ಹಾಗೆ. ದವಡೆ ಎರಡು ಸಲ ಲ್ಯಾಬಿಗೆ ಒಯ್ದ. ಒಮ್ಮೆ ಅಂಚು ತೆಳುಮಾಡಿದ, ಇನ್ನೊಮ್ಮೆ ಹೊಳಪು ಹೆಚ್ಚಿಸಿದ. ಎರಡು ಸಲವೂ ಅಮ್ಮ ಕನ್ನಡಿ ನೋಡಿ ಚೆನ್ನಾಗಿದೆ ಎಂದಳು. ಡಾಕ್ಟರ ಹತ್ತಿರ ಕರೆದೊಯ್ದರೆ ಅಲ್ಲೂ ಅದೇ, ಎಲ್ಲ ಸರಿಯಿದೆ ಸಾರ್. ಮಗ ಮಾಡಿದ್ದು, ಅದರಲ್ಲಿ ಹುಳುಕು ಹುಡುಕುವುದು ಹೇಗೆ.

ಈ ಒಂದು ಜೊತೆ ಹಲ್ಲು ಅಮ್ಮನ ಬಾಯಲ್ಲಿ ನಿಲ್ಲಲಿ ಎನ್ನುವುದು ಬಿಟ್ಟರೆ ಆ ದಿನಗಳಲ್ಲಿ ದವಡೆಗೆ ಬೇರೆ ಆಸೆಯಿರಲಿಲ್ಲ. ನಿಲ್ಲದಿದ್ದಾಗ ಸಂಜೆ ಟಿವಿಗೆ ಆಟ ಹಚ್ಚಿ ಕೂರುತ್ತಿದ್ದ. ಅಲ್ಲಿ ಜನ ಅಂಗಡಿಗೆ ಬಂದು ಬೇಕಾದ್ದನ್ನು ಬಿಡಿಸಿ ಹೇಳುತ್ತಿದ್ದರು. ಛತ್ರಿ ಬೇಕು, ಹಗುರಾಗಿರಲಿ, ನೀಲಿಯಾಗಿರಲಿ. ಒಬ್ಬರೂ ಚೆನ್ನಾಗಿದೆ ಎಂದು ಹೊಗಳಿ ಛತ್ರಿಯನ್ನು ಅಟ್ಟಕ್ಕೆ ಎಸೆಯುತ್ತಿರಲಿಲ್ಲ.

ಮನೆಯಲ್ಲಿದ್ದದ್ದು ಒಂದೇ ಟಿವಿ. ಹಾಗಾಗಿ ಅಮ್ಮನೂ ಅಲ್ಲೇ ಕುರ್ಚಿಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಮೊದಮೊದಲು ಅತ್ತ ನೋಡುವುದೇ ಅವಮಾನ ಎನ್ನುವಂತಿದ್ದಳು. ದುಡಿಯುವ ಮಗ ಲಂಗದ ಹುಡುಗಿಯಾಗಿ ಹೂ ಕೀಳುತ್ತ ಕೂತರೆ ಯಾವ ತಾಯಿ ನೋಡಿಯಾಳು. ಆದರೆ ಒಂದು ಭಾನುವಾರ ಮಧ್ಯಾಹ್ನ, ಮಗ ಮನೆಯಲ್ಲಿದ್ದಾನೆಂದು ಹಲ್ಲು ಹಾಕಿಕೊಂಡು ಕೂತಿದ್ದವಳು, ಕೈಯಲ್ಲಿನ ಟವೆಲ್ ಹಾಗೇ ಹಿಡಿದು ಹೇಳಿದಳು:

"ಅಲ್ಲೊಂದು ಬಿಟ್ಟೆ."

"ಎಲ್ಲಿ?"

"ಬಂಡೆ ಹಿಂದೆ. ಕಣ್ಣು ಎಲ್ಲಿಟ್ಕೊಂಡಿದೀಯ?"

ಬಂಡೆಯ ಹಿಂದೆ ನಿಜಕ್ಕೂ ಒಂದು ಗಿಡವಿತ್ತು. ಕಿತ್ತಾಗ ಬುಟ್ಟಿ ಟಿಣ್ ಎಂದಿತು. ಅಮ್ಮನಿಗೆ ಆ ಸದ್ದು ಹಿಡಿಸಿತು. ಇನ್ನೊಂದು ತೋರಿಸಿದಳು, ಮತ್ತೊಂದು ತೋರಿಸಿದಳು. ಬಟ್ಟೆ ನೆಲಕ್ಕೆ ಹೋಯಿತು. ಕೊನೆಗೆ ಇವನು ತೀರಾ ನಿಧಾನ ಎಂದು ಕಂಟ್ರೋಲರನ್ನೇ ಕಿತ್ತುಕೊಂಡಳು. ಹುಡುಗಿ ಸ್ವಲ್ಪ ಹೊತ್ತು ಗೋಡೆಗೆ ಮುಖವಿಟ್ಟು ನಡೆದಳು, ಆಮೇಲೆ ದಾರಿ ಹಿಡಿದಳು.

ಅಮ್ಮ ಆಡುವ ಬಗೆಯೇ ಬೇರೆ. ಗುಡ್ಡದಲ್ಲಿ ಒಂದು ಸೊಪ್ಪು ಉಳಿದಿದ್ದರೂ ಊರಿಗೆ ಹೊರಡುವುದಿಲ್ಲ. ಒಳ್ಳೆಯ ಜೇನುಮೇಣವನ್ನು ಖರ್ಚು ಮಾಡುವುದಿಲ್ಲ, ಮುಂದಕ್ಕೆ ಬೇಕಾಗುತ್ತೆ. ಕಥೆ ಮುಂದೆ ಹೋಗಬೇಕಾದರೆ ಸೇತುವೆ ದಾಟು ಎಂದರೆ, ಅವಸರ ಏನಿದೆ, ಸೇತುವೆ ಎಲ್ಲೂ ಓಡಿ ಹೋಗಲ್ಲ ಎನ್ನುವಳು. ಅಂಗಡಿಗೆ ಗಿರಾಕಿ ಬಂದರಂತೂ ಹಳೆಯ ಕಿಟಕಿಯೇ ತೆರೆಯಿತು. ತೆರೆಯ ಮೇಲಿನ ಸಣ್ಣ ಅಕ್ಷರ ಅವಳಿಗೆ ಕಾಣದು, ದವಡೆ ಓದಿ ಹೇಳಬೇಕು. ಅಂಚೆಯವನು ಸೈಕಲ್ಲಿಗೆ ಗಂಟೆ ಕೇಳಿದ. ಮುಂದೆ ಬನ್ನಿ, ಗಟ್ಟಿಯಾಗಿ ಹೇಳಿ, ಎಂಥ ಗಂಟೆ, ಹಿಂದೆ ಇನ್ನೂ ಜನ ಇದಾರೆ ಎಂದು ಅಮ್ಮ ಟಿವಿಗೆ ದಬಾಯಿಸಿದಳು. ಹಿಂದೆ ಯಾರೂ ಇರಲಿಲ್ಲ.

ದವಡೆ ನಗುತ್ತಿದ್ದವನು ನಿಲ್ಲಿಸಿದ. ಅಮ್ಮ ಮಾತಾಡುತ್ತಿದ್ದಳು. ಅದೂ ಹಲ್ಲು ಹಾಕಿಕೊಂಡು, ಹಾಕಿಕೊಂಡಿರುವುದನ್ನೇ ಮರೆತು. ನಾಲ್ಕು ಮಾತಿಗೊಮ್ಮೆ ಟಕ್ ಎನ್ನುವ ಸದ್ದು ಬರುತ್ತಿತ್ತು, ಎರಡು ಗಾಜಿನ ಲೋಟ ತಗುಲಿದ ಹಾಗೆ. ಅವನು ಪಕ್ಕದಿಂದ ಬಗ್ಗಿ ನೋಡಿದ. ಗಲ್ಲ ಸಡಿಲವಾಗಿ ತನ್ನ ಪಾಡಿಗೆ ಇಳಿದಿತ್ತು. ಅಮ್ಮನ ನಿಜವಾದ ಮುಖ ಅದು.

ಯಾರೇ ಆಗಲಿ ಬಿಗಿಯಿಲ್ಲದೆ ಕೂತಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಒಂಚೂರು ಜಾಗವಿರಬೇಕು. ಮಾತು ಆಡುವುದು ಆ ಜಾಗದಲ್ಲಿ. ಅಮ್ಮನಿಗೆ ಆ ಜಾಗವೇ ಇರಲಿಲ್ಲ, ಹಲ್ಲು ಎತ್ತರವಾಗಿತ್ತು. ಅಳತೆಯ ದಿನ ಅಮ್ಮನ ಜೊತೆ ಹೋಗಿದ್ದಾಗ ಕ್ಲಿನಿಕ್ಕಿನಲ್ಲಿ ನಡೆದದ್ದು ದವಡೆಗೆ ಈಗ ಕಣ್ಣಿಗೆ ಕಟ್ಟಿತು. ಮುಖ ಸಡಿಲ ಬಿಡಿ ಅಮ್ಮಾ ಎಂದು ಡಾಕ್ಟರು ಎಷ್ಟು ಹೇಳಿದರೂ, ದೊಡ್ಡವರ ಮುಂದೆ ಸಡಿಲ ಬಿಡುವುದು ಹೇಗೆಂದು ಅಮ್ಮ ಕತ್ತು ನೆಟ್ಟಗೆ ಮಾಡಿ, ಮುಖ ಉದ್ದ ಮಾಡಿ ಕೂತಿದ್ದಳು. ಡಾಕ್ಟರು ಆ ಮುಖಕ್ಕೆ ಅಳೆದರು. ಇವನು ಆ ಅಳತೆಗೆ ಕೂದಲೆಳೆಯಷ್ಟೂ ತಪ್ಪದಂತೆ ಕಟ್ಟಿದ. ಆಮೇಲೆ ಅದರ ಮೇಲೆ ಇನ್ನಷ್ಟು ಹೊಳಪನ್ನೂ ಕೊಟ್ಟ, ಪುಣ್ಯಾತ್ಮ.

ಕೆಲಸದ ಚೀಲದಿಂದ ಅಳತೆಯ ಕಡ್ಡಿ ತಂದ. ಹಲ್ಲು ತೆಗಿ ಒಂದು ನಿಮಿಷ ಎಂದ. ಅಮ್ಮ ತೆರೆಯಿಂದ ಕಣ್ಣು ಕೀಳದೆ ಎರಡನ್ನೂ ತೆಗೆದು ಅವನ ಅಂಗೈಗೆ ಇಟ್ಟಳು. ಅವನು ಟೇಪಿನ ಎರಡು ಚೂರು ಹರಿದು ಒಂದನ್ನು ಮೂಗಿನ ತುದಿಗೆ, ಒಂದನ್ನು ಗಲ್ಲಕ್ಕೆ ಅಂಟಿಸಿದ.

"ಏನೋ ಅದು?"

"ಅಳತೆ."

"ಬೇಗ ತಗೊ. ನಿನ್ನ ತಲೆ ಅಡ್ಡ ಬರ್ತಿದೆ, ಕುಲುಮೆಲಿ ಗಂಟೆ ಕಾಯ್ತಿದೆ."

ಗಂಟೆ ಕಾಯುವಾಗ ಒಮ್ಮೆ ಅಳೆದ, ಅದು ಸೀದುಹೋದಾಗ ಒಮ್ಮೆ, ಎರಡನೆಯ ಗಂಟೆ ಸರಿಯಾಗಿ ಬಂದಾಗ ಒಮ್ಮೆ. ಎಲ್ಲ ಸಲವೂ ಹೆಚ್ಚುಕಮ್ಮಿ ಅದೇ ಬಂತು. ಡಾಕ್ಟರು ಬರೆದುಕೊಟ್ಟಿದ್ದ ಅಳತೆಗೆ ಹೋಲಿಸಿದರೆ, ಹಲ್ಲು ಒಂದು ಅಕ್ಕಿಕಾಳಿನ ಉದ್ದದಷ್ಟು ಎತ್ತರವಾಗಿತ್ತು.

"ಟಕ್ ಅನ್ನುತ್ತೆ ಅಂತ ಯಾಕಮ್ಮಾ ಹೇಳಲಿಲ್ಲ?"

ಅಮ್ಮ ಗುಂಡಿ ಒತ್ತುತ್ತಲೇ ಇದ್ದಳು. ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿಯುವುದಕ್ಕೆ ಕೈ ಖಾಲಿ ಇರಲಿಲ್ಲ.

"ಅಷ್ಟು ಚೆನ್ನಾಗಿ ಮಾಡಿದೀಯ. ಸರಿಯಿಲ್ಲ ಅಂದ್ರೆ ಊಟ ಬಿಡ್ತೀಯ ಅಂತ."

"ನಾನ್ಯಾಕೆ ಊಟ ಬಿಡ್ಲಿ?"

"ಸ್ಕೂಲಲ್ಲಿ ನಿನ್ನ ಚಿತ್ರಕ್ಕೆ ಬಹುಮಾನ ಬರಲಿಲ್ಲ ಅಂತ ಮಂಚದ ಕೆಳಗೆ ಹೋಗಿ ಮಲಗಿದ್ದು ಯಾರು?"

ದವಡೆ ಅಳತೆಯ ಕಡ್ಡಿಯನ್ನು ಚೀಲಕ್ಕೆ ಹಾಕಿದ. ಟೇಪು ಬಿಡಿಸಿದ.

ಮಾರನೆಯ ದಿನ ಡಾಕ್ಟರಿಗೆ ಫೋನ್ ಮಾಡಿದ. ಅಳೆದದ್ದು ಅಮ್ಮ ಬಟ್ಟೆ ಮಡಿಸುವಾಗ ಎಂದು ಸುಳ್ಳು ಹೇಳಿದ. ನಿಜ ಹೇಳಲು ಮುಖವಿರಲಿಲ್ಲ. ನನ್ನ ಕುರ್ಚಿಯಲ್ಲಿ ಸಡಿಲವಾಗಿ ಕೂರುವವರು ಕಡಿಮೆ, ಮೇಣದಲ್ಲಿ ಜೋಡಿಸಿ ತನ್ನಿ, ನಾನೊಮ್ಮೆ ನೋಡಿಬಿಡುತ್ತೇನೆ ಎಂದರು ಡಾಕ್ಟರು. ಮೇಷ್ಟ್ರ ಹತ್ತಿರ ಮಾತ್ರ ಸುಳ್ಳು ನಡೆಯಲಿಲ್ಲ. ಎಲ್ಲ ಕೇಳಿದ ಮೇಲೆ ಅವರು ಮೇಣ ಕೆರೆಯುತ್ತಲೇ ಆ ಆಟದ ಹೆಸರೇನು ಎಂದು ವಿಚಾರಿಸಿದರು, ಮೊಮ್ಮಗಳಿಗೆ. ಮೊಮ್ಮಗಳಿಗೆ ಇನ್ನೂ ಸರಿಯಾಗಿ ಕೂರಲು ಬರುತ್ತಿರಲಿಲ್ಲ.

ಹಳೆಯದನ್ನು ಬದಿಗಿಟ್ಟು ದವಡೆ ಮೊದಲಿನಿಂದ ಶುರುಮಾಡಿದ. ಈ ಸಲ ಒಸಡಿಗೆ ಕೆಂಪು ಗೆರೆ ಎಳೆಯಲಿಲ್ಲ. ಮೇಣದ ಹಲ್ಲನ್ನು ಡಾಕ್ಟರು ಅಮ್ಮನ ಬಾಯಲ್ಲಿಟ್ಟು ನೋಡಿ ಒಪ್ಪಿದರು. ಬೆಂದು ಬಂದ ಮೇಲೆ ಮೇಷ್ಟ್ರಿಗೆ ಭೂತಗನ್ನಡಿಯಲ್ಲಿ ಎರಡು ತಪ್ಪು ಸಿಕ್ಕಿದವು, ಅವರು ದಿನವಿಡೀ ಖುಷಿಯಾಗಿದ್ದರು.

ಅಮ್ಮ ಹೊಸದನ್ನು ಹಾಕಿಕೊಂಡಳು. ಕನ್ನಡಿ ಹುಡುಕಲಿಲ್ಲ, ಚೆನ್ನಾಗಿದೆ ಎನ್ನಲೂ ಇಲ್ಲ. ಒಮ್ಮೆ ಬಾಯಿ ಮುಚ್ಚಿ ತೆರೆದು ಅಡುಗೆಮನೆಗೆ ಹೋದಳು. ದವಡೆ ಖಾಲಿ ಡಬ್ಬಿ ಮುಚ್ಚಿ ಎತ್ತಿಟ್ಟ. ಆ ರಾತ್ರಿ ಆಟವನ್ನೂ ಹಚ್ಚಲಿಲ್ಲ.

ಮರುದಿನ ಸಂಜೆ ಕೆಲಸ ಮುಗಿಸಿ ಬಂದವನಿಗೆ ಮೆಟ್ಟಿಲಲ್ಲೇ ದನಿ ಕೇಳಿಸಿತು. ಅಮ್ಮ ಫೋನಿನಲ್ಲಿದ್ದಳು. ಯಾರೋ ಅಂಚೆಯವನಂತೆ, ಗಂಟೆ ಮಾಡಿಕೊಟ್ಟರೆ ಅದು ಸದ್ದು ಜಾಸ್ತಿ ಎಂದು ವಾಪಸ್ಸು ತಂದನಂತೆ, ಎಷ್ಟು ಸೊಕ್ಕು ನೋಡು. ಆ ಕಡೆ ಚಿಕ್ಕಮ್ಮ ಯಾವ ಅಂಚೆಯವನು, ಯಾವ ಬೀದಿ ಎಂದು ಕೇಳುತ್ತಿರಬೇಕು. ಅಮ್ಮ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುವವಳಲ್ಲ. ದವಡೆ ಚಪ್ಪಲಿ ಬಿಟ್ಟು, ಒಳಗೆ ಹೋಗದೆ, ಬಾಗಿಲಲ್ಲೇ ನಿಂತು ಕಿವಿಗೊಟ್ಟ. ಚಿಕ್ಕಮ್ಮನ ಸೊಸೆಯ ಸುದ್ದಿ ಬಂತು, ನೀರಿನ ಸುದ್ದಿ ಬಂತು, ಬಸ್ಸಿನ ಹೊಸ ದರದ ಸುದ್ದಿ ಬಂತು. ಟಕ್ ಎನ್ನುವುದು ಬರಲಿಲ್ಲ.

ಅಮ್ಮ ಫೋನ್ ಇಟ್ಟು ಅವನನ್ನು ನೋಡಿದಳು. ಕೆಳಗಿನ ಹಲ್ಲನ್ನು ತೆಗೆದು ಅವನ ಮುಂದೆ ಹಿಡಿದಳು.

"ಎಡಗಡೆ ಹಿಂದೆ ಚುಚ್ಚುತ್ತೆ, ಸ್ವಲ್ಪ ಕೆರಿ. ನಾಳೆ ಸಂಜೆ ಒಳಗೆ ಬೇಕು. ನಿನ್ನ ಚಿಕ್ಕಮ್ಮ ಸೊಸೆ ವಿಷಯ ಅರ್ಧಕ್ಕೇ ನಿಲ್ಸಿದಾಳೆ."

"ಸರಿಯಾಗಿ ತೋರ್ಸು, ಎಲ್ಲಿ?"

ಅಮ್ಮ ಬಾಯಿಯೊಳಗೆ ಬೆರಳಿಟ್ಟು ತೋರಿಸಿದಳು. ದವಡೆ ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಒಸಡಿನ ಕೆಂಪು ನೋಡಿಕೊಂಡ, ಜೇಬಿನಿಂದ ಪೆನ್ಸಿಲ್ ತೆಗೆದು ಹಲ್ಲಿನ ಅಂಚಿನಲ್ಲಿ ಅದೇ ಜಾಗಕ್ಕೆ ಗುರುತು ಹಾಕಿದ.