ಅವ್ವ ಹೇಳಿದ ಉಪಮೆ

ಪೀಣ್ಯದ ನಮ್ಮ ಶಾಲೆಯಲ್ಲಿ ಏಳನೇ ತರಗತಿಗೆ ಉಪಮಾಲಂಕಾರ ಹೇಳಿಕೊಡುತ್ತಿದ್ದಾಗ ರೇಣುಕಾಳ ತಾಯಿ ಬಾಗಿಲಲ್ಲಿ ಬಂದು ನಿಂತರು. ಯಾದಗಿರಿ ಕಡೆಯವರು; ಕಟ್ಟಡ ಕೆಲಸದಿಂದ ನೇರ ಬಂದಿದ್ದರು, ಸೀರೆಗೆ ಸಿಮೆಂಟು ಮೆತ್ತಿತ್ತು. ಶಾಲೆಗೆ ಸೇರಿ ಎರಡು ತಿಂಗಳಾದರೂ ಮಗಳು ತರಗತಿಯಲ್ಲಿ ಬಾಯಿಯನ್ನೇ ಬಿಟ್ಟಿಲ್ಲವೆಂದು ನಾನೇ ಅವರನ್ನು ಕರೆಸಿದ್ದೆ.

"ಮನ್ಯಾಗ ಗುಬ್ಬಿ ಹಂಗ ಚಿಲಿಪಿಲಿ ಅಂತಾಳ್ರಿ ಮೇಡಂ" ಎಂದರು ತಾಯಿ. ಆ ಮಾತಿನ ಧಾಟಿಗೆ ಮಕ್ಕಳು ಗೊಳ್ಳೆಂದು ನಕ್ಕರು. ತಾಯಿ ಸಂಕೋಚದಿಂದ ಹಿಂದೆ ಸರಿದರು.

ರೇಣುಕಾ ಥಟ್ಟನೆ ಎದ್ದಳು. "ನಗಬ್ಯಾಡ್ರೋ! ನಮ್ಮವ್ವ ಹೇಳಿದ್ದು ಉಪಮಾಲಂಕಾರ ಐತಿ. ಉಪಮೇಯ ನಾನು, ಉಪಮಾನ ಗುಬ್ಬಿ."

ಇಷ್ಟು ದಿನ ಆ ಮಗು ಅಂಜಿದ್ದು ಈ ನಗುವಿಗೇ ಎಂದು ಆಗಷ್ಟೇ ನನಗೆ ತಿಳಿಯಿತು. ತಾಯಿಯ ವಾಕ್ಯವನ್ನು ಅವರ ಮಾತಿನಲ್ಲೇ ಹಲಗೆಯ ಮೇಲೆ ಬರೆದೆ. ನಕ್ಕ ಮಕ್ಕಳೆಲ್ಲ ಅದನ್ನು ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಂಡರು.