ಬೀರವ್ವನ ನೀರಿನ ಪದ

ಸೊಲ್ಲಾಪುರ ಸೀಮೆಯ ವಾಗದರಿಯ ಬೀರವ್ವನ ಮನೆತನ ಕುರಿಯ ಲೆಕ್ಕದಲ್ಲಿ ದೊಡ್ಡದಲ್ಲ, ಪದದ ಲೆಕ್ಕದಲ್ಲಿ ದೊಡ್ಡದು. ಆಕೆಯ ಮುತ್ಯಾ, ಅಂದರೆ ಅಪ್ಪನ ಅಪ್ಪ, ಬೀರಣ್ಣ. ಡೊಳ್ಳಿನ ಪದಕ್ಕೆ ಸುತ್ತ ಹತ್ತೂರಿಗೆ ಹೆಸರಾದವನು. ಅಕ್ಷರ ಕಲಿತವನಲ್ಲ, ಆದರೆ ಒಮ್ಮೆ ಕಿವಿಗೆ ಬಿದ್ದ ಮಾತು ಅವನಿಂದ ತಪ್ಪಿಸಿಕೊಂಡು ಹೋದದ್ದಿಲ್ಲ. ಬೋರಾಮಣಿಯ ಹುಲ್ಲುಗಾವಲಿನಲ್ಲಿ ಕುರಿ ಬಿಟ್ಟಿದ್ದಾಗ ಕಲಬುರ್ಗಿ ಕಡೆಯಿಂದ ನಡೆದು ಬಂದ ಫಕೀರನೊಬ್ಬ ಅವನ ಹಟ್ಟಿಯಲ್ಲಿ ಜ್ವರ ಬಂದು ಮಲಗಿದ. ಜ್ವರ ಬಿಡುವ ತನಕ ಬೀರಣ್ಣ ಅವನಿಗೆ ನುಚ್ಚು ಮಜ್ಜಿಗೆ ಹಾಕಿದ. ಉಂಡ ಋಣಕ್ಕೆ ಫಕೀರ ಕರ್ಬಲಾದ ಕಥೆ ಹೇಳಿದ. ಅವನದು ದಖನಿ, ಇವನದು ಕನ್ನಡ. ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಕಥೆ ಈ ದಂಡೆಯಿಂದ ಆ ದಂಡೆಗೆ ದಾಟಿತು. ಪ್ರವಾದಿಯ ಮೊಮ್ಮಗ, ಅಲಿಯ ಮಗ ಹುಸೇನ; ಸುತ್ತಲೂ ವೈರಿಯ ದಂಡು; ಕಣ್ಣೆದುರಿಗೇ ಹೊಳೆ ಹರಿದರೂ ಅವನ ಹಸುಗೂಸಿಗೆ ಹನಿ ನೀರು ಬಿಡಲಿಲ್ಲ ಎಂಬಲ್ಲಿಗೆ ಬಂದಾಗ ಬೀರಣ್ಣ ಎದ್ದು ಹೋಗಿ, ಕುರಿಗಳ ನಡುವೆ ನಿಂತು ಅತ್ತನಂತೆ. ಬಿಸಿಲಿನಲ್ಲಿ ಕುರಿ ಮೇಯಿಸಿದವನಿಗೆ ಬಾಯಾರಿಕೆ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಕಥೆಯನ್ನು ಅವನು ಡೊಳ್ಳಿನ ಧಾಟಿಗೆ ಕಟ್ಟಿದ. ಫಕೀರ ಹೇಳಿದ ಹೊಳೆಯ ಹೆಸರು ನಾಲಿಗೆಗೆ ಒಗ್ಗಲಿಲ್ಲ. ತಾನು ಕಂಡಿದ್ದ ಬೋರಿ ಹೊಳೆಯನ್ನೇ ಒಯ್ದು ಕರ್ಬಲಾದಲ್ಲಿ ಹರಿಸಿಬಿಟ್ಟ. ಹುಸೇನನ ಹೆಗಲಿಗೆ ಒಂದು ಕರಿ ಕಂಬಳಿಯನ್ನೂ ಹಾಕಿದ. ಊರು ಅದಕ್ಕೆ ನೀರಿನ ಪದ ಎಂದು ಹೆಸರಿಟ್ಟಿತು.

ಬೀರಣ್ಣನ ಮಗ ಅಮೋಗಸಿದ್ಧ. ಮಾನಮೋಡಿ ಎಂಬ ಸಾವಿನ ಜ್ವರ ಬಂದು ಊರಿಗೆ ಊರೇ ಹೊಲಕ್ಕೆ ಓಡಿದಾಗ, ಮಸೀದಿ ನೋಡಿಕೊಳ್ಳುತ್ತಿದ್ದ ಮುಜಾವರರ ಮನೆಯಲ್ಲಿ ಉಳಿದದ್ದು ತೊಟ್ಟಿಲ ಕೂಸೊಂದೇ. ಅಮೋಗಸಿದ್ಧ ಯಾರನ್ನೂ ಕೇಳಲಿಲ್ಲ. ಒಂದು ಬಗಲಲ್ಲಿ ಆ ಕೂಸು, ಇನ್ನೊಂದು ಬಗಲಲ್ಲಿ ಮೊಹರಮ್ಮಿಗೆ ಕೂಡಿಸುವ ಬೆಳ್ಳಿಯ ಹಸ್ತ, ಊರವರ ಬಾಯಲ್ಲಿ ಪಂಜಾ, ಎರಡನ್ನೂ ಕಂಬಳಿಯಲ್ಲಿ ಸುತ್ತಿ ಹಟ್ಟಿಗೆ ತಂದ. ಪಂಜಾ ಕುರುಬರ ದೇವರು ಬೀರೋಬನ ಗುಡಿಯ ಗೂಡಿನಲ್ಲಿ ಕುಳಿತಿತು. ಕೂಸು ಈದ ಕುರಿಯ ಹಾಲು ಕುಡಿದು ಬೆಳೆಯಿತು. ಆ ಕೂಸೇ ಲಾಡ್ಲೆಸಾಬ. ಅಮೋಗಸಿದ್ಧನ ಮಗಳು ಬೀರವ್ವ ಆಗ ಇನ್ನೂ ಅಂಗಳದಲ್ಲಿ ಮಣ್ಣಾಡುವ ಹುಡುಗಿ. ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗಿ, ಒಂದೇ ಗಂಗಾಳದಲ್ಲಿ ಉಂಡು ಅಕ್ಕ ತಮ್ಮ ಆದರು. ಲಾಡ್ಲೆಸಾಬ ಮುಂದೆ ಅಕ್ಕಲಕೋಟೆಗೆ ಹೋಗಿ ನಮಾಜು ಕಲಿತು ಬಂದು ಮಸೀದಿಯ ಕೀಲಿ ಹಿಡಿದ. ಆದರೂ ಕನಸು ಬಿದ್ದರೆ ಅವನಿಗೆ ಕನ್ನಡದಲ್ಲೇ ಬೀಳುತ್ತಿತ್ತು.

ಅಮೋಗಸಿದ್ಧನಿಗೆ ಗಂಡು ಸಂತಾನವಿಲ್ಲ. ಅಳಿಯನನ್ನು ಮನೆಗೆ ತಂದುಕೊಂಡು ಮಗಳನ್ನೂ ಪದವನ್ನೂ ಊರಲ್ಲೇ ಉಳಿಸಿಕೊಂಡ. ಹೀಗೆ ನೀರಿನ ಪದ ಬೀರವ್ವನ ಕೊರಳಿಗೆ ಬಂತು.

ಆ ಪದಕ್ಕೊಂದು ಕಟ್ಟಳೆ ಇತ್ತು. ಮೊಹರಮ್ಮಿನ ಹತ್ತನೆಯ ದಿನ ಬೆಳಗಿನಿಂದ ಪಂಜಾ ಹೊರುವವರು, ಡೊಳ್ಳು ಬಾರಿಸುವವರು, ಹಳ್ಳಕ್ಕೆ ಬರುವ ಹೆಣ್ಣುಮಕ್ಕಳು ಯಾರೂ ನೀರು ಮುಟ್ಟುವಂತಿಲ್ಲ. ಬೆಲ್ಲದ ಚೊಂಗ್ಯಾ ತಿಂದು, ಊರೆಲ್ಲ ಸುತ್ತಿ ಕುಣಿದು, ಇಳಿಹೊತ್ತಿಗೆ ಹಳ್ಳಕ್ಕೆ ಬರುವಾಗ ನಾಲಿಗೆ ಅಂಗುಳಕ್ಕೆ ಅಂಟಿರುತ್ತಿತ್ತು. ಪಂಜಾ ತೊಳೆದ ಮೇಲೆ ಬೀರವ್ವ ಖಾಲಿ ಕೊಡ ಎದುರಿಗಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತು ನೀರಿನ ಪದ ಹಾಡಬೇಕು. ಪದ ಮುಗಿದ ಮೇಲೆ ಕೊಡ ತುಂಬಿ ಮೊದಲು ಮುಜಾವರನ ಬೊಗಸೆಗೆ ಹಾಕಬೇಕು. ಆಮೇಲೆ ಊರು ಕುಡಿಯಬೇಕು. ಲಿಂಗ ಕಟ್ಟಿದವರು, ಕುರುಬರು, ಸಾಬರು, ಎಲ್ಲರ ಗಂಟಲೂ ಒಂದೇ ಹೊತ್ತಿಗೆ ತಣ್ಣಗಾಗುತ್ತಿತ್ತು. ಉಳಿದ ನೀರನ್ನು ಬೀರವ್ವ ಹೊತ್ತೊಯ್ದು ಕುರಿಗೆ ಕುಡಿಸುತ್ತಿದ್ದಳು. ಎಂಥ ದಿನಗಳವು! ಆ ಹಳ್ಳದ ನೀರಿಗಿದ್ದ ರುಚಿ ಆಮೇಲೆ ಯಾವ ನಲ್ಲಿಗೂ ಬರಲಿಲ್ಲ.

ಎಪ್ಪತ್ತಾರನೆಯ ಇಸವಿಯಲ್ಲಿ ಎಳ್ಳಮಾಸೆ ಮುಗಿಯುತ್ತಿದ್ದಂತೆ ಮೊಹರಮ್ಮಿನ ಚಂದ್ರ ಕಂಡ. ಹೊಲದಲ್ಲಿ ಬಿಳಿಜೋಳ ಹಾಲುಗಟ್ಟಿತ್ತು. ಬೀರವ್ವನಿಗೆ ಆ ಚಳಿಗಾಲದಲ್ಲಿ ಕೆಮ್ಮು ಹತ್ತಿತ್ತು. ನಾಲ್ಕು ಹೆಜ್ಜೆ ಜೋರಾಗಿ ಇಟ್ಟರೆ ದಮ್ಮು ಹಿಡಿಯುತ್ತಿತ್ತು. ಪದ ಯಾರಿಗೆ ಒಪ್ಪಿಸಲಿ ಎಂಬ ಚಿಂತೆ ಕೆಮ್ಮಿಗಿಂತ ಹೆಚ್ಚು ಕಾಡುತ್ತಿತ್ತು. ಮಗಳು ಸುಗಲಾಬಾಯಿಯನ್ನು ಮೈಂದರ್ಗಿಗೆ ಕೊಟ್ಟಿತ್ತು. ಅವಳ ಮಕ್ಕಳು ಮರಾಠಿ ಸಾಲೆಯ ಮಕ್ಕಳು. ಅಜ್ಜಿ ಹಾಡತೊಡಗಿದರೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದವು.

ಅಂಥ ಹೊತ್ತಿನಲ್ಲಿ ಸೊಲ್ಲಾಪುರದ ಬಸ್ಸಿನಿಂದ ಲಾಡ್ಲೆಸಾಬನ ಮಗ ದಸ್ತಗೀರ ಇಳಿದ. ಅವನಿಗೆ ಅಲ್ಲಿ ಚಾದರ ನೇಯುವ ಸಾಂಚಾದ ಮೇಲೆ ಕೆಲಸ. ತಲೆಯ ಮೇಲೆ ಬಾಡಿಗೆಯ ಮೈಕಿನ ಭೋಂಗಾ ಹೊತ್ತುಕೊಂಡೇ ಬಂದಿದ್ದ. ಮನೆಗೂ ಹೋಗದೆ ನೇರ ಹಟ್ಟಿಗೆ ಬಂದ.

"ಅತ್ತಿ, ಒಂದ ಮಾತ ಹೇಳೂದಿತ್ತು."

"ನಿಂತ ಹೇಳೂ ಮಾತೋ, ಕುಂತ ಹೇಳೂ ಮಾತೋ?" ಎಂದಳು ಬೀರವ್ವ.

ಅವನು ಕುಳಿತ. "ಈ ಸಲ ಹಳ್ಳದ ದಂಡಿಗೆ ಸೊಲ್ಲಾಪುರದಿಂದ ಇಬ್ಬರು ಹಾಡವರು ಬರ್ತಾರ. ಉರ್ದುದಾಗ ಹಾಡ್ತಾರ."

"ಹಾಡಲಿ. ಅವರದು ಮುಗದ ಮ್ಯಾಲ ನಂದು."

"ಹಂಗಲ್ಲ ಅತ್ತಿ. ಹೋದ ವರ್ಷ ನನ್ನ ದೋಸ್ತ ಒಬ್ಬಾಂವ ಬಂದಿದ್ನಲ್ಲ, ಕಾರಖಾನಿ ತುಂಬ ಹೇಳಿ ನಗಿಸ್ಯಾನ. ನಿಮ್ಮೂರ ಹುಸೇನ ಕುರಿ ಕಾಯ್ತಾನೇನೋ ಅಂತಾರ. ಮುಜಾವರನ ಮಗಾ ಆಗಿ ನಾಕ ಸಾಲ ಉರ್ದು ಬರಂಗಿಲ್ಲೇನೋ ಅಂತಾರ. ಖರೇ ಅಂದ್ರ ಅಲ್ಲಿ ಬೋರಿ ಹೊಳಿ ಎಲ್ಲೈತಿ? ಅದು ಫುರಾತ್ ಅಂತ ದೊಡ್ಡ ದರ್ಯಾ. ಇದ್ದ ಕಥಿ ಇದ್ದಂಗ ಹೇಳಬೇಕಲ್ಲ?"

"ಇರಬೇಕಪ್ಪ. ನಾ ಏನ್ ಹೋಗಿ ನೋಡಿ ಬಂದೀನೇನು? ನಮ್ಮ ಮುತ್ಯಾನೂ ನೋಡಿಲ್ಲ."

"ಮತ್ತ ನಿನಗೂ ಕೆಮ್ಮು. ನಡುವ ದಮ್ಮು ಹಿಡದ್ರ ಮಂದ್ಯಾಗ ನಗಿಗೇಡು. ಈ ಸಲ ಆರಾಮ ಕುಂತ ಕೇಳು."

ಹೊಳೆಯ ಮಾತು ಬೀರವ್ವನಿಗೆ ಅಷ್ಟು ನಾಟಲಿಲ್ಲ. ದಮ್ಮಿನ ಮಾತು ನಾಟಿತು. ಸುಳ್ಳಾಗಿದ್ದರೆ ಬೈದು ಕಳಿಸಬಹುದಿತ್ತು.

"ನಿಮ್ಮಪ್ಪ ಏನಂದ?"

"ಏನೂ ಅನಲಿಲ್ಲ. ಗ್ವಾಡಿ ಕಡಿ ಮಾರಿ ಮಾಡಿ ಮಲಕೊಂಡ."

"ಆತ ಹೋಗಪ್ಪ. ನಿಮ್ಮ ದೇವರು, ನಿಮ್ಮ ಮಾನ."

ಆ ಮನೆಯವರ ಬಾಯಲ್ಲಿ ಅಲ್ಲಿಯವರೆಗೂ 'ನಮ್ಮ ಪೀರ' ಎಂಬ ಮಾತೇ ಹೊರತು 'ನಿಮ್ಮ ದೇವರು' ಎಂಬ ಮಾತು ಬಂದದ್ದಿಲ್ಲ. ಅದು ಇಬ್ಬರಿಗೂ ಕೇಳಿಸಿತು. ದಸ್ತಗೀರ ಭೋಂಗಾ ಎತ್ತಿಕೊಂಡು ಹೋದ.

ಹತ್ತನೆಯ ದಿನ ಊರೆಲ್ಲ ಎದ್ದು ನಡೆದರೂ ಬೀರವ್ವ ಹಟ್ಟಿ ಬಿಟ್ಟು ಕದಲಲಿಲ್ಲ. ಅವಳ ಪದಕ್ಕೆ ಡೊಳ್ಳು ಬಾರಿಸುತ್ತಿದ್ದ ರಾಚಪ್ಪ ಹಾದುಹೋಗುವಾಗ ಬಾಗಿಲಲ್ಲಿ ನಿಂತು, "ಬೀರಕ್ಕ, ಏಳು, ಹೊತ್ತಾತು" ಎಂದ.

"ಭೋಂಗಾದಷ್ಟು ದೊಡ್ಡ ಗಂಟಲ ನನಗಿಲ್ಲೋ ರಾಚ್ಯಾ, ನೀ ನಡಿ."

"ಗಂಟಲ ಇಲ್ಲದಿದ್ರ ನನ್ನ ಇಷ್ಟ ವರ್ಷ ಬೈದದ್ದು ಯಾತರಿಂದ?" ಎಂದು ಗೊಣಗುತ್ತ ಅವನು ಹೋದ.

ಹೋಗಲಾರೆ ಎಂದಳೇ ಹೊರತು ಬೀರವ್ವನೂ ಬೆಳಗಿನಿಂದ ನೀರು ಮುಟ್ಟಿರಲಿಲ್ಲ. ಹಿಂದಿನ ದಿನ ಕೈ ತನ್ನ ರೂಢಿಯಂತೆ ತಾಮ್ರದ ಕೊಡವನ್ನು ಹುಣಸೆ ಹಚ್ಚಿ ತಿಕ್ಕಿಬಿಟ್ಟಿತ್ತು. ಅದೀಗ ಹೊಸ್ತಿಲ ಬಳಿ ಬೋರಲು ಬಿದ್ದು ಬಿಸಿಲಿಗೆ ಹೊಳೆಯುತ್ತಿತ್ತು. ಅದರತ್ತ ನೋಡಬಾರದೆಂದು ಅವಳು ಕುರಿಯ ಉಣ್ಣೆ ಹಿಂಜುತ್ತ ಕುಳಿತಳು. ಉಣ್ಣೆ ಹಿಂಜಿದ್ದಕ್ಕಿಂತ ಗಂಟಾದದ್ದೇ ಹೆಚ್ಚು.

ಇಳಿಹೊತ್ತಿಗೆ ಹಳ್ಳದ ಕಡೆಯಿಂದ ಭೋಂಗಾ ಕೂಗಿತು. ಮೊದಲು ಕರಕರ ಸದ್ದು, ಆಮೇಲೆ ಹಾಡು. ತಪ್ಪು ಹಿಡಿಯಬೇಕೆಂದೇ ಬೀರವ್ವ ಕಿವಿ ಕೊಟ್ಟಳು. ಉರ್ದು ಅವಳಿಗೆ ಸಂತೆಯ ವ್ಯವಹಾರಕ್ಕೆ ಬೇಕಾದಷ್ಟೇ ಗೊತ್ತು. ಹಾಡಿನಲ್ಲಿ ತಿಳಿದ ಮಾತು ಎರಡೇ: ಹುಸೇನ, ಪಾನಿ. ಅವೆರಡೇ ಸಾಕಾದವು. ಹಾಡುವವನ ದನಿ ಮೇಲಕ್ಕೇರಿ ಅಲ್ಲೇ ಒಡೆದು ಇಳಿಯುವಾಗ ಅವಳ ಕಣ್ಣು ತುಂಬಿ ಸೆರಗಿಗೆ ಹನಿಯಿತು.

"ಚಲೋ ಹಾಡ್ತಾನ, ಖೋಡಿ" ಎಂದಳು, ಕಾಲ ಬಳಿ ಮಲಗಿದ್ದ ನಾಯಿಗೆ.

ಹಾಡು ಮುಗಿಯಿತು. ಇನ್ನು ಕೊಡಗಳ ಸದ್ದು ಕೇಳಬೇಕು, ಹುಡುಗರ ಗದ್ದಲ ಕೇಳಬೇಕು. ಏನೂ ಕೇಳಲಿಲ್ಲ. ಹೊತ್ತು ಬೇವಿನ ಮರದ ಟೊಂಗೆಯಿಂದ ಕೆಳಗಿಳಿಯಿತು. ಹಳ್ಳದ ಹಾದಿಯಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. ಬೀರವ್ವ ಉಣ್ಣೆ ಕೆಳಗಿಟ್ಟು ಎದ್ದು ನಿಂತಳು. ಅಷ್ಟರಲ್ಲಿ ರಾಚಪ್ಪ ಡೊಳ್ಳು ಬೆನ್ನಿಗೆ ಹಾಕಿಕೊಂಡು ಏದುತ್ತ ಬಂದ.

"ಏನ ಬೀರಕ್ಕ, ಊರ ಮಂದಿನ ಕೊಲ್ಲಬೇಕಂತ ಮಾಡೀಯೇನು?"

"ಯಾಕೋ, ಏನಾತು?"

"ಒಬ್ಬರೂ ನೀರು ಮುಟ್ಟವಲ್ರು! ಹೆಣ್ಮಕ್ಕಳು ಖಾಲಿ ಕೊಡ ಮುಂದಿಟಗೊಂಡ ಕುಂತಾರ. ನಿನ್ನ ತಮ್ಮ ಲಾಡ್ಲೆಸಾಬ ಕಲ್ಲಾಗಿ ಕುಂತಾನ. ದಸ್ತಗೀರ ಸಿಟ್ಟಿಲೆ ಹಳ್ಳಕ್ಕಿಳದ, ಬೊಗಸಿ ತುಂಬಿದ, ಬಾಯಿ ತನಕ ಒಯ್ದಾಂವ ಮತ್ತ ಚೆಲ್ಲಿಬಿಟ್ಟ. ಪದ ಆಗಿಲ್ಲಲ್ಲ, ಅವಗೂ ಗಂಟಲಾಗ ಇಳೀವಲ್ದು."

ಬೀರವ್ವನ ಎದೆಯಲ್ಲಿ ಏನೋ ಹಿಗ್ಗಿತು. ಆದರೂ ಬಿಗಿದುಕೊಂಡೇ ನಿಂತಳು. "ಆ ಹಾಡವರೇನು ಮಾಡಾಕತ್ತಾರ?"

"ಅವರೇನು ಮಾಡ್ತಾರ! ಹಾಡಿ ಹಾಡಿ ಬಾಯಾರಿ ಪಾನಿ ಪಾನಿ ಅನ್ನಾಕತ್ತಾರ. ಪದ ಆಗೂ ತನಕ ಯಾರಿಗೂ ನೀರಿಲ್ಲ ಅಂತ ನಮ್ಮ ಹೆಣ್ಮಕ್ಕಳು ಹಟಾ ಹಿಡದಾರ."

ಬೀರವ್ವನ ಮುಖ ಕಪ್ಪಿಟ್ಟಿತು. "ಏನಂದಿ? ಬಾಯಾರಿ ಬೇಡಿದವರಿಗೆ ನೀರು ಕೊಡಲಿಲ್ಲಾ? ಹೊಳಿ ದಂಡಿ ಮ್ಯಾಲ ಕುಂತು? ಇಂಥಾ ದಿವಸ?" ಕೊಡ ಬಗಲಿಗೆ ಬಂದದ್ದೂ ಕಾಲು ಹಾದಿಗೆ ಬಿದ್ದದ್ದೂ ಅವಳಿಗೇ ತಿಳಿಯಲಿಲ್ಲ. "ಹಂಗಾದ್ರ ನಮಗೂ ಆ ವೈರಿ ದಂಡಿಗೂ ಏನೋ ಫರಕು, ಮೂಳಾ!"

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು ಅಂತ ನಾ ಮೊದಲ ಅಂದಿದ್ದೆ" ಎನ್ನುತ್ತ ರಾಚಪ್ಪ ಹಿಂದೆ ಓಡಿದ.

ಹಳ್ಳದ ದಂಡೆಯಲ್ಲಿ ಊರು ಖಾಲಿ ಕೊಡಗಳ ನಡುವೆ ಕುಳಿತಿತ್ತು. ಬೀರವ್ವ ಯಾರ ಮುಖವನ್ನೂ ನೋಡಲಿಲ್ಲ. ನೇರ ನೀರಿಗಿಳಿದು ಕೊಡ ತುಂಬಿದಳು. ಪದ ಆಗದೆ ಕೊಡ ತುಂಬಿದ್ದನ್ನು ಆ ಹಳ್ಳ ಕಂಡದ್ದು ಅದೇ ಮೊದಲು. ಹೆಣ್ಣುಮಕ್ಕಳು 'ಅಯ್ಯ' ಎಂದರು. ಅವಳು ಆ ಇಬ್ಬರು ಹಾಡುಗಾರರ ಎದುರಿಗೆ ಹೋಗಿ ಕೊಡ ಬಾಗಿಸಿದಳು. ಹಿರಿಯವನು ಬೊಗಸೆ ಹಿಡಿದು ಕಣ್ಣು ಮುಚ್ಚಿ ಕುಡಿದ. ಅವನು ಕುಡಿದು ಮುಗಿಸುವ ತನಕ ಬೀರವ್ವನ ಬಾಯಿ ಸುಮ್ಮನಿರಲಿಲ್ಲ.

"ಮಾಲನಬೀ, ನಿನಗ ಬುದ್ಧಿ ಎಲ್ಲಿ ಹೋಗಿತ್ತ? ಕಟ್ಟಳಿ ನಮಗ, ಬಂದ ಬೀಗರಿಗಲ್ಲ. ನಮ್ಮ ಮುತ್ಯಾ ಈ ಪದ ಕಟ್ಟಿದ್ದು ನೀರು ಕೊಡಾಕ, ಕಾವಲ ಕುಂಡ್ರಾಕ ಅಲ್ಲ."

ಲಾಡ್ಲೆಸಾಬನ ಹೆಂಡತಿ ಮಾಲನಬೀ ಸೆರಗು ಬಾಯಿಗೆ ಒತ್ತಿಕೊಂಡಳು. "ಅಕ್ಕಾ, ನೀ ಬರಲಿಲ್ಲಲ್ಲ, ಅದಕ್ಕ..." ಎಂದಳು.

ಹಿರಿಯ ಹಾಡುಗಾರ ಗಡ್ಡ ಒರೆಸಿಕೊಂಡು ಎದ್ದ. ಭೋಂಗಾದ ಮುಂದಿದ್ದ ಕಂಬಳಿಯನ್ನು ತಾನೇ ಎತ್ತಿ ಕಲ್ಲಿನ ಮೇಲೆ ಹಾಸಿ, ಬೀರವ್ವನಿಗೆ ಕೈಯಿಂದ ಜಾಗ ತೋರಿಸಿದ. ಅವಳು ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಿ, ಖಾಲಿ ಕೊಡ ಎದುರಿಗಿಟ್ಟುಕೊಂಡು ಕುಳಿತಳು. ರಾಚಪ್ಪನ ಡೊಳ್ಳು ಮೆಲ್ಲಗೆ ಗುಮ್ಮೆಂದಿತು.

ಬೋರಿಯ ದಂಡೀಲಿ ಕಾವಲ ಕುಂತಾರ
ಕುರಿ ಬಂದ್ರ ಬಿಟ್ಟಾರ, ಕೂಸ ಬಂದ್ರ ಬಿಡಲಿಲ್ಲ
ಅಲಿಯ ಮೊಮ್ಮಗಗ ಹನಿ ನೀರ ಇಲ್ಲ

ದನಿ ಒಣಗಿದ ಹಗ್ಗದಂತಿತ್ತು, ಆದರೂ ಹರಿಯಲಿಲ್ಲ. ಎರಡನೆಯ ನುಡಿಗೆ ಬಾಯಿ ತೆರೆದಾಗ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ರಾಚಪ್ಪ ಡೊಳ್ಳು ನಿಲ್ಲಿಸದೆ ಅದೇ ಪೆಟ್ಟನ್ನು ಮತ್ತೆ ಮತ್ತೆ ಹಾಕುತ್ತ ಅವಳಿಗಾಗಿ ಕಾದ. ಬೀರವ್ವ ಎದೆ ಹಿಡಿದುಕೊಂಡು ಬಗ್ಗಿದಳು. ಮುಗಿಯಿತು, ಮುತ್ಯಾನ ಪದ ನನ್ನ ಕೊರಳಲ್ಲೇ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಗಂಡು ದನಿಯೊಂದು ಎದ್ದಿತು.

ಕರಿಯ ಕಂಬಳಿಯಾಗ ಕೂಸಿನ ಸುತ್ಯಾನ
ಎದಿ ಮ್ಯಾಲ ಹೊತ್ತಾನ ದೊರಿ ಹುಸೇನ

ದಸ್ತಗೀರ ಹಾಡುತ್ತಿದ್ದ. ಯಾರೂ ಕಲಿಸಿರಲಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಕಿವಿಗೆ ಬಿದ್ದದ್ದು ಒಳಗೇ ಇತ್ತು. ತನ್ನಲ್ಲಿ ಇದೆಯೆಂದು ಅವನಿಗೂ ಗೊತ್ತಿರಲಿಲ್ಲ. ಧಾಟಿ ಅಲ್ಲಲ್ಲಿ ಸೊಟ್ಟ. ಬೀರವ್ವ ಕೆಮ್ಮುತ್ತಲೇ ಕೈ ಎತ್ತಿ ಅವನನ್ನು ತಿದ್ದಿದಳು, ಉಸಿರು ಸಿಕ್ಕಲ್ಲಿ ತಾನೂ ಕೂಡಿಕೊಂಡಳು. ಸೊಲ್ಲಾಪುರದ ಹಿರಿಯ ಹಾಡುಗಾರ ಒಂದು ಮಾತೂ ತಿಳಿಯದೆ ಡೊಳ್ಳಿನ ಪೆಟ್ಟಿಗೆ ಎದೆ ಮುಟ್ಟಿಕೊಳ್ಳುತ್ತ ನಿಂತಿದ್ದ. ಬೋರಿ ಹೊಳೆ ಆ ಸಂಜೆಯೂ ಕರ್ಬಲಾದಲ್ಲೇ ಹರಿಯಿತು.

ಪದ ಮುಗಿದಾಗ ಲಾಡ್ಲೆಸಾಬ ಬೊಗಸೆ ಒಡ್ಡಿದ. ಬೀರವ್ವ ಕೊಡ ತುಂಬಿ ತಂದು ನೀರು ಹಾಕಿದಳು. ಅವನು ಕುಡಿಯುವ ಮೊದಲು, "ಅಕ್ಕಾ, ಗ್ವಾಡಿ ಕಡಿ ಮಾರಿ ಮಾಡಿದ್ದು ನಂದು ತಪ್ಪಾತು" ಎಂದ. "ಕುಡಿ ಮೊದಲ, ನೀರು ಸೋರಾಕತ್ತೈತಿ" ಎಂದಳು ಅವಳು.

ಆಮೇಲೆ ಎಷ್ಟೋ ವರ್ಷ ಹಳ್ಳದ ದಂಡೆಯಲ್ಲಿ ಮೊದಲು ಉರ್ದು ಹಾಡು, ಬೆನ್ನಿಗೇ ನೀರಿನ ಪದ ನಡೆದವು. ಬಂದವರಿಗೆ ಮಾತ್ರ ಮೊದಲೇ ನೀರು. ಇಂದು ಬೀರವ್ವನಿಲ್ಲ, ಲಾಡ್ಲೆಸಾಬನಿಲ್ಲ. ಹಳ್ಳದಲ್ಲಿ ಜಾಲಿ ಬೆಳೆದಿದೆ. ಆದರೂ ಬೀರವ್ವ ಎಂದರೆ ಊರಿನ ಹಳಬರ ಕಣ್ಣಿಗೆ ಕಟ್ಟುವುದು ಆ ಸಂಜೆ ಹಳ್ಳದ ಏರು ಹತ್ತಿದ ಬೀರವ್ವನೇ. ತಲೆಯ ಮೇಲೆ ತುಂಬಿದ ತಾಮ್ರದ ಕೊಡ, ಏದುಸಿರು, ಹಿಂದಿನಿಂದ ಓಡಿ ಬರುವ ದಸ್ತಗೀರ. "ಅತ್ತಿ, ಕೊಡ ಇತ್ತ ಕೊಡು, ಏರು ಐತಿ, ನಾ ಹೊರತೀನಿ" ಎಂದು ಅವನು ಕೈ ಚಾಚಿದ. ಬೀರವ್ವ ನಿಂತಳು, ತಿರುಗಿ ನೋಡಲಿಲ್ಲ.

"ಬಿಡೋ ಕೊಡಾನ! ದಮ್ಮು ಹಿಡದ್ರ ನಿಂತು ಹೋಗತೀನಿ, ಏರೇನು ಓಡಿ ಹೋಗತೈತೇನು? ಸಾಂಚಾ ಹೊಡಿಯೂ ಹೆಗಲ ನಿಂದು, ಅರ್ಧಾ ನೀರು ಹಾದ್ಯಾಗ ಚೆಲ್ಲಿದ್ರ ನನ್ನ ಕುರಿಗೆ ಏನು ಕುಡಸ್ಲಿ? ನಿಮ್ಮಪ್ಪಗ ಹೊತ್ತು ಮುಣಗಿದ್ರ ಕಣ್ಣು ಕಾಣಂಗಿಲ್ಲ, ಹೋಗಿ ಅವನ ಕೈ ಹಿಡಿ. ಈ ಹಾದಿ ನನ್ನ ಕಾಲಿಗೆ ಗೊತ್ತೈತಿ."