ಕತ್ತರಿ ಅಕ್ಕನ ಪಟ್ಟು

ಅಪಘಾತ ವಿಭಾಗದ ಹಿರಿಯ ನರ್ಸನ್ನು ನಾವೆಲ್ಲ ಕತ್ತರಿ ಅಕ್ಕ ಅಂತೀವಿ. ಹೆಚ್ಚಿನ ಓದು ಓದಿ ನರ್ಸ್ ಪ್ರಾಕ್ಟಿಷನರ್ ಆದವರು; ಗಾಯಾಳುವನ್ನು ತಾವೇ ಪರೀಕ್ಷಿಸಬಹುದು. ಯಾರೇ ಬರಲಿ, ಬಟ್ಟೆ ಕತ್ತರಿಸಿ, ಮಗ್ಗುಲಿಗೆ ಹೊರಳಿಸಿ, ಬೆನ್ನು ನೋಡದೆ ಬಿಡೋರಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಪಟ್ಟು.

ಅವತ್ತು ಬೈಕಿನಿಂದ ಬಿದ್ದವನೊಬ್ಬ ಬಂದ. ಕಾಲು ಮುರಿದಿತ್ತು. ಹೊಸ ಡಾಕ್ಟರು ನನಗೆ, "ಬರೀ ಕಾಲು. ಎಕ್ಸ್‌ರೇಗೆ ತಳ್ಳಯ್ಯ," ಅಂದರು. ಸ್ಟ್ರೆಚರ್ ತಳ್ಳೋದು ನನ್ನ ಕೆಲಸ. ಆದರೆ ಅಕ್ಕ ಚಕ್ರಕ್ಕೆ ಕಾಲು ಅಡ್ಡ ಕೊಟ್ಟು ನಿಂತಿದ್ದರು.

"ಬೆನ್ನು ನೋಡಿಲ್ಲ ಸರ್."

"ನೀವು ನರ್ಸು. ಹೇಳಿದಷ್ಟು ಮಾಡಿ."

"ಹೇಳಿದಷ್ಟೇ ಮಾಡಿದ್ದಿದ್ರೆ ಎಷ್ಟೋ ಜನ ಮಣ್ಣು ಸೇರಿರ್ತಿದ್ರು. ಹಿಡ್ಕೋ ತಮ್ಮಾ, ಕತ್ತು ಅಲುಗಬಾರದು."

ಹೊರಳಿಸಿದೆವು. ಪಕ್ಕೆಲುಬಿನ ಸಂದಿನಲ್ಲಿ ಗಾಜಿನ ಚೂರು ಹೂತುಹೋಗಿತ್ತು. ರಕ್ತ ಬೆನ್ನಿನಡಿಯೇ ಮಡುಗಟ್ಟಿತ್ತು. ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕನ ಕೈ ಮಾತ್ರ ನಿಲ್ಲಲಿಲ್ಲ.

ಆದರೂ ಮೂರನೇ ದಿನ ಆಸ್ಪತ್ರೆ ಆಫೀಸಿನಿಂದ ಅಕ್ಕನಿಗೆ ಮೆಮೊ ಬಂತು ನೋಡಿ! ಡಾಕ್ಟರ ಮಾತು ಮೀರಿದ್ದಕ್ಕೆ ಕಾರಣ ಬರೆದುಕೊಡಬೇಕಂತೆ. ನನಗೆ ಮೈಯೆಲ್ಲ ಉರಿಯಿತು. ಅಕ್ಕ ನಿಂತಲ್ಲೇ ಪೆನ್ನು ತೆಗೆದು ಬರೆದರು:

"ಕಾರಣ ಏಳನೇ ಬೆಡ್ಡಿನಲ್ಲಿ ಉಸಿರಾಡುತ್ತಿದೆ. ಬಂದು ನೋಡಿ. ಬೆನ್ನನ್ನೂ ನೋಡಿ."